‘ಒಂದ್ಸಲ ಖಾತ್ರಿ ಮಾಡ್ಕೊಂಡುಬಿಡ್ತೀನಿ’

ಅವರು ಒಳಗೆ ಬಂದಾಗ ಕೈಯಲ್ಲಿ ಬಟ್ಟೆ ಅಂಗಡಿಯ ಕವರ್ ಇತ್ತು. ಕೂತವರೇ ಅದರಲ್ಲಿದ್ದ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಎಲ್ಲ ಹೃದಯದ ಪರೀಕ್ಷೆಗಳದ್ದೇ: ಆರು ಇಸಿಜಿ, ಎರಡು ಎಕೋ, ಒಂದು ಟಿಎಂಟಿ. ಎಲ್ಲವೂ ಐದು ವಾರದೊಳಗಿನವು. ಸಹಿಗಳು ಬೇರೆ ಬೇರೆ ವೈದ್ಯರದ್ದು, ಮಾತು ಮಾತ್ರ ಒಂದೇ: ನಾರ್ಮಲ್.

“ಎಲ್ಲರೂ ನಾರ್ಮಲ್ ಅಂತಾರೆ ಮೇಡಂ. ಹಾಗಾದ್ರೆ ರಾತ್ರಿ ಎರಡು ಗಂಟೆಗೆ ಎದೆ ಯಾಕೆ ಹೀಗೆ ಹೊಡ್ಕೊಳ್ಳುತ್ತೆ?”

ಪಕ್ಕದಲ್ಲಿದ್ದ ಅವರ ಹೆಂಡತಿ ಏನೂ ಹೇಳಲಿಲ್ಲ. ಕಾಗದಗಳನ್ನು ಒಂದೊಂದಾಗಿ ಎತ್ತಿ, ತಾರೀಖು ನೋಡಿ ಜೋಡಿಸತೊಡಗಿದರು. ಆ ಕೆಲಸ ಅವರಿಗೆ ರೂಢಿಯಾಗಿಬಿಟ್ಟಿತ್ತು.

ಅದು 2025ರ ಜುಲೈ. ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸತ್ತವರ ಸುದ್ದಿ ದಿನಾ ಟಿವಿಯಲ್ಲಿ ಬರುತ್ತಿತ್ತು. ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಎದೆನೋವು ಇದ್ದವರ ಜೊತೆಗೆ ಏನೂ ಇಲ್ಲದವರೂ ‘ಒಂದ್ಸಲ ತೋರಿಸಿಬಿಡೋಣ’ ಅಂತ ಬಂದು ನಿಂತಿದ್ದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಆಮೇಲೆ ಪರಿಶೀಲಿಸಿ, ಅಸಹಜ ಅನ್ನುವಂಥ ಏರಿಕೆ ಕಂಡಿಲ್ಲ ಎಂದಿತು. ಅಷ್ಟರಲ್ಲಿ ಹೆದರಿಕೆ ಮನೆಮನೆಗೆ ಹೊಕ್ಕಾಗಿತ್ತು. ನನ್ನ ಬಳಿ ಬಂದ ಇವರಿಗೆ ನಲವತ್ತೊಂದು. ಮೈಸೂರಿನಲ್ಲಿ ಹಾರ್ಡ್‌ವೇರ್ ಅಂಗಡಿ, ಊರು ಹಾಸನದ ಕಡೆ. (ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.)

ಆಪ್ತಸಮಾಲೋಚನೆ ನನ್ನ ಕೆಲಸ. ಇಷ್ಟು ವರ್ಷದಲ್ಲಿ ಆತಂಕ ಅಂತ ಬಂದ ನೂರಾರು ಜನರಲ್ಲಿ ಈ ಆರು ಇಸಿಜಿಯನ್ನು ಬೇರೆ ಬೇರೆ ರೂಪದಲ್ಲಿ ಕಂಡಿದ್ದೇನೆ. ಕಳಿಸಿದ ಇಮೇಲನ್ನು ನಾಲ್ಕು ಸಲ ತೆರೆದು ಓದುವವರು. ಬೀಗ ಹಾಕಿ ಗೇಟಿನವರೆಗೆ ಹೋಗಿ ವಾಪಸ್ ಬಂದು ಎಳೆದು ನೋಡುವವರು. “ನನ್ನ ಮೇಲೆ ಬೇಜಾರಿಲ್ಲ ಅಲ್ವಾ?” ಎಂದು ಗಂಡನನ್ನು ದಿನಕ್ಕೆ ಹತ್ತು ಸಲ ಕೇಳುವವರು. ಎಲ್ಲರೂ ಹುಡುಕುತ್ತಿರುವುದು ಒಂದನ್ನೇ. ಖಾತ್ರಿ.

ಭಯಕ್ಕೂ ಆತಂಕಕ್ಕೂ ಇರುವ ವ್ಯತ್ಯಾಸವನ್ನು ಹಳ್ಳಿಯಿಂದ ಬಂದವರಿಗೆ ಹೇಳುವುದು ಸುಲಭ. ದಾರಿಗೆ ಅಡ್ಡವಾಗಿ ನಾಗರಹಾವು ಹೆಡೆ ಎತ್ತಿ ನಿಂತರೆ ಅದು ಭಯ. ಹುಲ್ಲಿನ ಬಣವೆಯಲ್ಲಿ ಹಾವಿದ್ದರೆ ಏನು ಗತಿ ಅಂತ ಹುಲ್ಲು ಹಿರಿಯಲು ಕೈ ಬಾರದಿದ್ದರೆ ಅದು ಆತಂಕ. ಮೊದಲನೆಯದು ಹಾವು ಹೋದ ಮೇಲೆ ಮುಗಿಯುತ್ತದೆ. ಎರಡನೆಯದು ಮುಗಿಯುವುದು ಹೇಗೆ? ಬಣವೆಯನ್ನೆಲ್ಲ ಕಿತ್ತು ಹಾಕಿ ನೋಡಿದರೂ ನಾಳೆ ಹೊಸ ಹಾವು ಬಂದು ಸೇರಿರಬಹುದಲ್ವಾ?

ಆದರೆ ನಮ್ಮ ಮೈಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾವು ಕಂಡರೂ, ಹಾವಿನ ಯೋಚನೆ ಬಂದರೂ ಅದು ಮಾಡುವುದು ಒಂದೇ ಕೆಲಸ. ಅಡ್ರಿನಲಿನ್ ಹರಿಯುತ್ತದೆ. ಓಡುವುದಕ್ಕೋ ಹೊಡೆದಾಡುವುದಕ್ಕೋ ಬೇಕಾಗುತ್ತದೆ ಅಂತ ಎದೆ ಜೋರಾಗಿ ಬಡಿಯುತ್ತದೆ. ರಕ್ತ ದೊಡ್ಡ ಸ್ನಾಯುಗಳ ಕಡೆ ಹೋಗುವುದರಿಂದ ಕೈಬೆರಳು ತಣ್ಣಗಾಗುತ್ತವೆ. ಜೀರ್ಣದ ಕೆಲಸ ನಿಧಾನವಾಗಿ ಹೊಟ್ಟೆಯಲ್ಲಿ ಏನೋ ಒಂಥರಾ ಆಗುತ್ತದೆ. ನಮ್ಮವರು ಇದನ್ನು ಗ್ಯಾಸ್ಟ್ರಿಕ್ ಅನ್ನುವುದೇ ಜಾಸ್ತಿ. ಉಸಿರು ವೇಗವಾದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಅದರಿಂದ ತಲೆ ಸುತ್ತು, ಬಾಯಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು. ಇಷ್ಟೂ ಆದಾಗ ಯಾರಿಗಾದರೂ ಜೀವವೇ ಹೋಯಿತು ಅನಿಸುವುದು ಸಹಜ. ಇದು ನಾಟಕವಲ್ಲ, ‘ಮನಸ್ಸಿನ ಕಲ್ಪನೆ’ ಅಂತ ತಳ್ಳಿಹಾಕುವಂಥದ್ದೂ ಅಲ್ಲ. ಎದೆ ನಿಜವಾಗಿಯೂ ಬಡಿಯುತ್ತಿರುತ್ತದೆ. ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ತುದಿ ಮುಟ್ಟಿ, ತಾನಾಗಿಯೇ ಇಳಿಯುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮೊದಲ ಸಲ ಎದೆನೋವು ಬಂದಾಗ, ನೋವು ಎಡಗೈಗೋ ದವಡೆಗೋ ಹರಿದಾಗ, ಮೈಯೆಲ್ಲ ಬೆವತಾಗ ‘ಇದು ಟೆನ್ಷನ್ ಇರಬೇಕು’ ಅಂತ ಮನೆಯಲ್ಲಿ ಕೂರಬೇಡಿ. ನೇರ ಆಸ್ಪತ್ರೆಗೆ ಹೋಗಿ. ಥೈರಾಯ್ಡ್ ಜಾಸ್ತಿಯಾದರೂ, ರಕ್ತ ಕಡಿಮೆಯಿದ್ದರೂ, ದಿನಕ್ಕೆ ಆರೇಳು ಲೋಟ ಕಾಫಿ ಕುಡಿದರೂ ಎದೆ ಡವಡವ ಅನ್ನಬಹುದು. ಅದನ್ನು ನೋಡಬೇಕಾದವರು ವೈದ್ಯರು. ನನ್ನ ಮಾತು ಶುರುವಾಗುವುದು ಅವರು ಚೆನ್ನಾಗಿ ನೋಡಿ, ತೊಂದರೆ ಇಲ್ಲ ಅಂದ ಮೇಲೆ. ಮೊದಲ ಇಸಿಜಿ ಬೇಕೇ ಬೇಕಿತ್ತು. ಅವರಿಗೆ ಕಾಟ ಕೊಟ್ಟಿದ್ದು ಆಮೇಲಿನ ಐದು.

ಯಾಕೆ ಅಂತ ಹೇಳುತ್ತೇನೆ. ಇಸಿಜಿ ನಾರ್ಮಲ್ ಅಂದ ಕೂಡಲೇ ಅವರಿಗೆ ಸಮಾಧಾನವಾಗುತ್ತಿತ್ತು. ಆ ಸಮಾಧಾನ ಎಷ್ಟು ಹಿತ ಅಂದರೆ, ಆವತ್ತು ರಾತ್ರಿ ಚೆನ್ನಾಗಿ ಊಟ ಮಾಡಿ ಮಲಗುತ್ತಿದ್ದರು. ಮೂರನೇ ದಿನಕ್ಕೆ ಒಂದು ಸಣ್ಣ ಪ್ರಶ್ನೆ ಏಳುತ್ತಿತ್ತು: ‘ಆ ಮೆಷಿನ್ ಸರಿ ಇತ್ತಾ? ಆಮೇಲೆ ಏನಾದ್ರೂ ಆಗಿದ್ರೆ?’ ಮತ್ತೆ ಓಟ. ಕಜ್ಜಿ ಕೆರೆದುಕೊಂಡ ಹಾಗೆ. ಕೆರೆಯುವಾಗ ಹಾಯೆನಿಸುತ್ತದೆ, ಕೈ ತೆಗೆದ ಮೇಲೆ ಇನ್ನೂ ಜಾಸ್ತಿ ತುರಿಸುತ್ತದೆ. ಪ್ರತಿ ಸಲ ಓಡಿಹೋಗಿ ಖಾತ್ರಿ ಮಾಡಿಕೊಂಡಾಗಲೂ ಮಿದುಳು ಒಂದು ಪಾಠ ಕಲಿಯುತ್ತದೆ: ‘ಪರೀಕ್ಷೆ ಮಾಡಿಸಿದ್ದಕ್ಕೇ ಇವತ್ತು ಬದುಕಿಕೊಂಡೆ.’ ಪರೀಕ್ಷೆ ಮಾಡಿಸದಿದ್ದರೂ ಬೆಳಗಾಗುತ್ತಿತ್ತು ಅನ್ನುವುದನ್ನು ಕಲಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ.

ಮೊದಲ ದಿನ ನಾನು ಅವರ ಎದೆಯ ಬಗ್ಗೆ ಜಾಸ್ತಿ ಮಾತಾಡಲಿಲ್ಲ. ಬೇರೆ ಏನೇನು ನೋಡಿಕೊಳ್ಳುತ್ತೀರಿ ಅಂತ ಕೇಳಿದೆ. ಪಟ್ಟಿ ಉದ್ದ ಇತ್ತು. ಕುತ್ತಿಗೆಯ ಬಳಿ ನಾಡಿ ಮುಟ್ಟಿ ನೋಡುವುದು. ವಾಚಿನಲ್ಲಿ ಹಾರ್ಟ್ ರೇಟ್. ರಾತ್ರಿ ಫೋನಿನಲ್ಲಿ ‘ಎಡ ಎದೆ ಚುಚ್ಚಿದರೆ ಏನರ್ಥ’ ಅಂತ ಹುಡುಕುವುದು. ಹೆಂಡತಿಯನ್ನು ಎಬ್ಬಿಸಿ “ಮುಖ ಬಿಳಿಚಿಕೊಂಡಿದೆಯಾ ನೋಡು” ಅನ್ನುವುದು.

“ದಿನಕ್ಕೆ ಎಷ್ಟು ಸಲ?”

“ಗೊತ್ತಿಲ್ಲ ಮೇಡಂ. ಲೆಕ್ಕ ಇಟ್ಟಿಲ್ಲ.”

“ಅಂಗಡಿಯಲ್ಲಿ ಒಂದು ಮೊಳೆಗೂ ಲೆಕ್ಕ ಇಡ್ತೀರಲ್ಲ. ಇದಕ್ಕೂ ಒಂದು ವಾರ ಇಡ್ತೀರಾ?”

ಮುಂದಿನ ಗುರುವಾರ ಅಂಗಡಿಯದ್ದೇ ಒಂದು ಸಣ್ಣ ಲೆಕ್ಕದ ಪುಸ್ತಕ ತಂದರು. ಸೋಮವಾರದ ಪುಟದಲ್ಲಿ 31 ಗೀಟು. ಅದನ್ನು ನೋಡಿ ಅವರೇ ಸುಮ್ಮನಾದರು. ಹೆಂಡತಿ ಮಾತ್ರ ಮೆಲ್ಲಗೆ, “ನನ್ನನ್ನು ಕೇಳಿದ್ದು ಇದರಲ್ಲಿ ಸೇರಿಲ್ಲ” ಅಂದರು.

ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಹೇಳಿದರೂ ಆಗುತ್ತಿರಲಿಲ್ಲ. ತಡಮಾಡಿ ಅಂದೆ. ನಾಡಿ ನೋಡಬೇಕು ಅನಿಸಿದಾಗ ಹತ್ತು ನಿಮಿಷ ಕಾಯಿರಿ. ಹತ್ತು ನಿಮಿಷ ಆದ ಮೇಲೂ ನೋಡಲೇಬೇಕು ಅನಿಸಿದರೆ ನೋಡಿ. ಆ ಹತ್ತು ನಿಮಿಷದಲ್ಲಿ ಕೈಗೆ ಕೆಲಸ ಇರಲಿ, ಸ್ಕ್ರೂ ಡಬ್ಬಿ ವಿಂಗಡಿಸಿದರೂ ಆಯಿತು. ಮುಂದಿನ ವಾರ ಇಪ್ಪತ್ತು ನಿಮಿಷ. ಆ ಮುಂದಿನ ವಾರ ನಲವತ್ತು. ಈ ಕಾಯುವ ಹೊತ್ತು ಬಹಳ ಕಷ್ಟದ್ದು, ಅದನ್ನು ನಾನು ಹಗುರ ಮಾಡಿ ಹೇಳುವುದಿಲ್ಲ. ಮೊದಲ ದಿನ ಅವರು ಶಟರ್ ಅರ್ಧ ಎಳೆದು ಗೋಡೌನಿನಲ್ಲಿ ಕೂತು ಅತ್ತರಂತೆ. ಆದರೆ ಕಾಯುವಾಗ ಅವರಿಗೊಂದು ವಿಷಯ ಕಂಡಿತು. ಹತ್ತು ನಿಮಿಷ ಮುಗಿಯುವ ಹೊತ್ತಿಗೆ, ಕೆಲವು ಸಲ, ನೋಡಬೇಕು ಅನ್ನುವ ಒತ್ತಡವೇ ಇಳಿದಿರುತ್ತಿತ್ತು. ಇದನ್ನು ನಾನು ನೂರು ಸಲ ಹೇಳಿದರೂ ಅವರು ನಂಬುತ್ತಿರಲಿಲ್ಲ. ತಾವೇ ಕಂಡಿದ್ದರಿಂದ ನಂಬಿದರು.

ಚಿಂತೆಗೂ ಇದೇ ಉಪಾಯ ಇದೆ. 1983ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಜೊತೆಗಾರರು ಚಿಂತೆ ಮಾಡಲು ದಿನಕ್ಕೆ ಅರ್ಧ ಗಂಟೆ ಗೊತ್ತುಮಾಡಿಕೊಳ್ಳುವ ವಿಧಾನವನ್ನು ಪ್ರಕಟಿಸಿದರು. ದಿನವಿಡೀ ಬರುವ ಚಿಂತೆಯನ್ನು ಚೀಟಿಯಲ್ಲಿ ಬರೆದಿಟ್ಟು, ಆ ಹೊತ್ತಿಗೆ, ಅದೇ ಜಾಗದಲ್ಲಿ ಕೂತು ಮಾಡುವುದು. ಕೇಳಲು ವಿಚಿತ್ರ ಅನಿಸುತ್ತದೆ. ನನ್ನ ಅನುಭವದಲ್ಲಿ ಇದು ಗೃಹಿಣಿಯರಿಗೂ, ಮನೆಯಿಂದಲೇ ಕೆಲಸ ಮಾಡುವವರಿಗೂ ಚೆನ್ನಾಗಿ ಒಗ್ಗುತ್ತದೆ. ಸಂಜೆ ಆರರಿಂದ ಆರೂವರೆ ಇಟ್ಟುಕೊಳ್ಳಿ. ಮಲಗುವ ಹೊತ್ತಿಗೆ ಮಾತ್ರ ಬೇಡ, ನಿದ್ದೆ ಕೆಡುತ್ತದೆ. ಬೆಳಗ್ಗೆ ಬೆಟ್ಟದಷ್ಟು ಕಂಡ ಚೀಟಿಯನ್ನು ಸಂಜೆ ಓದಿದಾಗ ಅರ್ಧದಷ್ಟು ಹಾಗೇ ಬಿದ್ದುಹೋಗಿರುತ್ತದೆ.

ಇನ್ನು ಮನೆಯವರ ವಿಷಯ. ಇದರ ಬಗ್ಗೆ ನನಗೆ ಹೇಳುವುದು ಜಾಸ್ತಿ ಇದೆ, ಯಾಕೆಂದರೆ ಆತಂಕ ಒಬ್ಬರಿಗೆ ಬಂದರೂ ಅದನ್ನು ಸಾಕುವುದು ಇಡೀ ಮನೆ. ‘ಏನೂ ಆಗಲ್ಲ ಸುಮ್ನಿರಿ’ ಅನ್ನುವುದು ಪ್ರೀತಿಯ ಮಾತೇ. ಆದರೆ ಅದೂ ಒಂದು ಇಸಿಜಿ. ಒಂದು ಗಂಟೆ ಕೆಲಸ ಮಾಡುತ್ತದೆ, ಆಮೇಲೆ ಇನ್ನೊಂದು ಬೇಕು. ಹೇಳುವವರಿಗೂ ಕೊನೆಗೆ ಸಾಕಾಗಿ ಸಿಟ್ಟು ಬರುತ್ತದೆ. ‘ಧೈರ್ಯ ತಂದ್ಕೋ’, ‘ನಿಂಗೇನು ಕಮ್ಮಿಯಾಗಿದೆ’ ಅನ್ನುವ ಮಾತಂತೂ ನೋವಿನ ಮೇಲೆ ನಾಚಿಕೆಯನ್ನೂ ಹೇರುತ್ತದೆ.

ಇವರ ಹೆಂಡತಿಯ ಜೊತೆ ಕೂತು ಇನ್ನೊಂದು ಉತ್ತರ ಹುಡುಕಿದೆವು. ರಾತ್ರಿ ಎಬ್ಬಿಸಿ “ನೋಡು, ಬಿಳಿಚಿಕೊಂಡಿದ್ದೀನಾ?” ಅಂದರೆ ಆಕೆ ದೀಪ ಹಾಕಿ ಮುಖ ನೋಡಬಾರದು. “ಗಾಬರಿ ಬಂದಿದೆ ಅಲ್ವಾ ರೀ? ಬನ್ನಿ, ಕೂತ್ಕೊಳ್ಳೋಣ” ಅನ್ನಬೇಕು. ಅಷ್ಟೇ. ಮೊದಲ ಸಲ ಆಕೆಗೆ ಅದು ಕಟುಕತನ ಅನಿಸಿತು. “ಒಂದು ಮಾತು ಹೇಳಿದ್ರೆ ಪಾಪ ಮಲಗ್ತಿದ್ರು” ಅಂತ ನನ್ನ ಮುಂದೆ ಕಣ್ಣೀರು ಹಾಕಿದರು. ಆ ಹೆಣ್ಣುಮಗಳು ಐದು ವಾರ ನಿದ್ದೆಗೆಟ್ಟಿದ್ದರು ಅನ್ನುವುದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವರಿಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು, ಏನೂ ಮಾತಾಡದೆ, ಗಾಬರಿ ಇಳಿಯುವವರೆಗೆ ಕಾದ ರಾತ್ರಿಗಳೇ ಈ ಚಿಕಿತ್ಸೆಯ ದೊಡ್ಡ ಭಾಗ. ನನ್ನ ಕೋಣೆಯಲ್ಲಿ ನಡೆದಿದ್ದು ಕಡಿಮೆ.

ಮಕ್ಕಳನ್ನು ದೂರದ ಊರಿಗೆ ಕಳಿಸಿದ ಅಮ್ಮಂದಿರೂ ಇದನ್ನೇ ಅನುಭವಿಸುತ್ತಾರೆ. ಬೆಂಗಳೂರಲ್ಲಿ ಕೆಲಸ ಮಾಡುವ ಮಗಳು ಮೆಸೇಜ್ ನೋಡಿಲ್ಲ, ಎರಡು ಟಿಕ್ ನೀಲಿಯಾಗಿಲ್ಲ, ಇವರಿಗೆ ಜೀವ ಬಾಯಿಗೆ ಬರುತ್ತದೆ. ಹತ್ತು ಸಲ ಫೋನು. ಮಗಳು ಕೊನೆಗೆ ಎತ್ತುವುದನ್ನೇ ಬಿಡುತ್ತಾಳೆ. ಆಗ ಆತಂಕ ಇನ್ನೂ ಏರುತ್ತದೆ. ಅಂಥ ಒಬ್ಬ ತಾಯಿ-ಮಗಳು ಒಂದು ಒಪ್ಪಂದಕ್ಕೆ ಬಂದರು. ರೂಮ್ ತಲುಪಿದ ಮೇಲೆ ಮಗಳೇ ಒಂದು ಫೋನು ಮಾಡುವುದು, ಅದಕ್ಕೆ ಮುಂಚೆ ಅಮ್ಮ ಮಾಡಬಾರದು. ಫೋನಿನಲ್ಲಿ ‘ಊಟ ಆಯ್ತಾ, ಬಾಗಿಲು ಹಾಕಿದ್ಯಾ’ ಬಿಟ್ಟು ಬೇರೆ ಮಾತೂ ಇರಬೇಕು. ಮೊದಲ ವಾರ ಏನು ಮಾತಾಡುವುದು ಅಂತಲೇ ಅವರಿಗೆ ತೋಚಲಿಲ್ಲ.

ಉಸಿರಾಟದ ಅಭ್ಯಾಸದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಾಡಿ, ಒಳ್ಳೆಯದೇ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ನಿಧಾನವಾಗಿರಲಿ. ಆದರೆ ‘ಈಗ ಉಸಿರಾಟ ಮಾಡದಿದ್ದರೆ ಸತ್ತೇ ಹೋಗ್ತೀನಿ’ ಅನ್ನುವ ಮಟ್ಟಕ್ಕೆ ಹೋದರೆ ಅದೂ ಇನ್ನೊಂದು ಇಸಿಜಿ ಆಯಿತು. ದೇವರಿಗೆ ಕೈ ಮುಗಿಯುವುದಕ್ಕೂ ಈ ಮಾತು ಅನ್ವಯಿಸುತ್ತದೆ. ಮುಗಿದಾಗ ಮನಸ್ಸು ಅಗಲವಾಗುತ್ತಿದೆಯೋ, ಇನ್ನೊಂದು ಸಲ ಮುಗಿಯದಿದ್ದರೆ ಅನಾಹುತ ಅನಿಸುತ್ತಿದೆಯೋ, ನಿಮಗೇ ಗೊತ್ತಾಗುತ್ತದೆ.

ಮಾತ್ರೆಯ ವಿಷಯದಲ್ಲಿ ಎರಡು ಮಾತು. ಮನೋವೈದ್ಯರು ಆತಂಕಕ್ಕೆ ಸಾಮಾನ್ಯವಾಗಿ ಮೊದಲು ಕೊಡುವ ಎಸ್ಸಿಟಲೋಪ್ರಾಮ್, ಸರ್ಟ್ರಲಿನ್ ತರಹದ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರ ಬೇಕು. ನಾಲ್ಕು ದಿನಕ್ಕೆ ‘ಏನೂ ಆಗ್ಲಿಲ್ಲ’ ಅಂತ ಬಿಟ್ಟುಬಿಡಬೇಡಿ. ಚೆನ್ನಾಗಿದ್ದೀನಿ ಅನಿಸಿದ ಮೇಲೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಆಲ್‌ಪ್ರಜೋಲಾಮ್ ಬೇರೆ ಜಾತಿಯದು. ಕೂಡಲೇ ಹಾಯೆನಿಸುತ್ತದೆ, ಹಾಗಾಗಿಯೇ ಬೇಗ ಅಭ್ಯಾಸವಾಗುತ್ತದೆ. ಪಕ್ಕದ ಮನೆಯವರ ಸ್ಟ್ರಿಪ್‌ನಿಂದ ಅರ್ಧ ಮಾತ್ರೆ ಇಸಿದುಕೊಂಡು ನುಂಗುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬೇಡ.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ತೊಂದರೆ ಇರುವವರಲ್ಲಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಈ ಅಂಕಿ ಓದಿದಾಗಲೆಲ್ಲ ನನಗೆ ಆ ಬಟ್ಟೆ ಅಂಗಡಿಯ ಕವರ್ ನೆನಪಾಗುತ್ತದೆ. ಇವರು ಐದು ವಾರಕ್ಕೆ ಬಂದರು. ಹತ್ತು ವರ್ಷ ಗ್ಯಾಸ್ಟ್ರಿಕ್ ಮಾತ್ರೆಯಲ್ಲೇ ಕಳೆದವರನ್ನೂ ನೋಡಿದ್ದೇನೆ. ಚಿಂತೆ ತಿಂಗಳುಗಟ್ಟಲೆ ಬಿಡದೆ ಕಾಡುತ್ತಿದ್ದರೆ, ನಿದ್ದೆ, ಕೆಲಸ, ಸಂಬಂಧ ಕೆಡುತ್ತಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹಾರ್ಡ್‌ವೇರ್ ಅಂಗಡಿಯವರು ಈಗ ತಿಂಗಳಿಗೊಮ್ಮೆ ಬರುತ್ತಾರೆ. ಹೃದಯದ ವೈದ್ಯರನ್ನು ಕೇಳಿಕೊಂಡೇ ಬೆಳಗ್ಗೆ ಮೆಟ್ಟಿಲು ಹತ್ತುವ ಅಭ್ಯಾಸ ಶುರುಮಾಡಿದರು. ಎದೆ ಜೋರಾಗಿ ಬಡಿದರೂ ಏನೂ ಆಗದೆ ಇಳಿಯುತ್ತದೆ ಅನ್ನುವುದು ಮೈಗೆ ತಿಳಿಯಲಿ ಅಂತ. ಹೋದ ಸಲ ಲೆಕ್ಕದ ಪುಸ್ತಕ ತೆರೆದರು. ಬುಧವಾರ 2. ಗುರುವಾರ 0. ಶುಕ್ರವಾರ 1. ಶನಿವಾರದ ಪುಟದಲ್ಲಿ 14 ಗೀಟು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಊರಲ್ಲಿ ದೊಡ್ಡಪ್ಪನ ಮಗ ತೀರಿಹೋದ’. ಭಾನುವಾರ 9. ಸೋಮವಾರ ಪುನಃ ಹತ್ತು ನಿಮಿಷದ ತಡದಿಂದ ಶುರುಮಾಡಿದ್ದರು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.