ಅಷ್ಟು ಗದ್ದಲದ ನಡುವೆ ಅಷ್ಟು ಅಕ್ಕರೆ ಎಲ್ಲಿಂದ?

ಓದುಗರ ಪ್ರಶ್ನೆ: ನನ್ನ ಮಗ ಡೆತ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಕೇಳುತ್ತಾನೆ. ಹಾಡುಗಳ ತುಂಬ ಹೆಣ, ರಕ್ತ, ನರಕ. ಗಾಯಕ ಹಾಡುತ್ತಿದ್ದಾನೋ ಗುಟುರು ಹಾಕುತ್ತಿದ್ದಾನೋ ತಿಳಿಯುವುದಿಲ್ಲ. ಆದರೆ ಆ ಕಾರ್ಯಕ್ರಮಗಳಲ್ಲಿ ಸಿಕ್ಕ ಗೆಳೆಯರೇ ಈಗ ಅವನಿಗೆ ಎಲ್ಲರಿಗಿಂತ ಹತ್ತಿರ. ಇಂಥ ಕ್ರೂರ ಸಂಗೀತ ಕೇಳುವವರ ನಡುವೆ ಇಷ್ಟು ಅಕ್ಕರೆ ಹೇಗೆ ಬೆಳೆಯುತ್ತದೆ?

ಉತ್ತರ: ಮಗನ ಕಪ್ಪು ಅಂಗಿಯನ್ನು ಒಗೆಯಲು ಹಾಕುವ ಮುನ್ನ ಅದರ ಎದೆಯ ಮೇಲಿರುವ ಬರಹವನ್ನು ಒಮ್ಮೆ ಓದಲು ಪ್ರಯತ್ನಿಸಿ. ಬಹುಶಃ ಓದಲಾಗುವುದಿಲ್ಲ. ಒಣಗಿದ ಜಾಲಿಯ ಕಂಟಿಯೋ ಕಿತ್ತು ಹಾಕಿದ ಗಿಡದ ಬೇರೋ ಎಂಬಂತೆ ಕಾಣುವ ಆ ಗೀಚು ಒಂದು ತಂಡದ ಹೆಸರು. ಬೆಲ್ಜಿಯಂ ಮೂಲದ ಕ್ರಿಸ್ಟೋಫ್ ಸ್ಪೈಡೆಲ್ ಎಂಬ ಕಲಾವಿದರು ಇಂಥ ಲೋಗೊಗಳನ್ನು ಸಾವಿರಾರು ಸಂಖ್ಯೆಯಲ್ಲಿ ಬರೆದಿದ್ದಾರೆ. ನಾರ್ವೆಯ ಎಂಪರರ್ ತಂಡದ ಲೋಗೊ ಅವರದೇ. ಹಳೆಯ ಶಾಸನದ ಮುಂದೆ ನಿಂತವರಲ್ಲಿ ಹೆಚ್ಚಿನವರಿಗೆ ಕಲ್ಲು ಕಾಣುತ್ತದೆ, ಲಿಪಿ ಬಲ್ಲ ಒಬ್ಬಿಬ್ಬರಿಗೆ ಮಾತು ಕೇಳುತ್ತದೆ. ಇಲ್ಲಿಯೂ ಹಾಗೆಯೇ. ಬಸ್ ನಿಲ್ದಾಣದಲ್ಲಿ ಅಪರಿಚಿತನೊಬ್ಬನ ಎದೆಯ ಮೇಲಿನ ಆ ಕಂಟಿಯನ್ನು ಇನ್ನೊಬ್ಬ ಸರಾಗವಾಗಿ ಓದಿಬಿಟ್ಟನೆಂದರೆ ಅರ್ಧ ಪರಿಚಯ ಆದಂತೆಯೇ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಆ ಅಂಗಿಯಲ್ಲೇ ಇದೆ. ಈ ಸಂಗೀತ ಬಂದವರಲ್ಲಿ ಬಹುತೇಕರನ್ನು ಹೊಸ್ತಿಲಿನಿಂದಲೇ ವಾಪಸ್ ಕಳಿಸುತ್ತದೆ. ಒಳಗೆ ಉಳಿದ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ‘ನಿನಗೂ ಇದು ಇಷ್ಟವೇ?’ ಎಂದು ಬೆರಗಾಗುತ್ತಾರೆ. ಆ ಬೆರಗೇ ಅಕ್ಕರೆಯ ಮೊದಲ ಹೆಜ್ಜೆ. ಎಲ್ಲರೂ ಗುನುಗುವ ಸಿನಿಮಾ ಹಾಡು ಇಷ್ಟವೆಂದು ಯಾರೂ ಯಾರನ್ನೂ ತಬ್ಬಿಕೊಳ್ಳುವುದಿಲ್ಲ.

ಈ ಬಳಗ ಹುಟ್ಟಿದ್ದೇ ಅಂಚೆಯಲ್ಲಿ. 1980ರ ದಶಕದಲ್ಲಿ ಡೆತ್ ಮೆಟಲ್ ಇನ್ನೂ ಕಣ್ಣು ಬಿಡುತ್ತಿದ್ದಾಗ ಅದನ್ನು ರೇಡಿಯೊ ಮುಟ್ಟುತ್ತಿರಲಿಲ್ಲ, ಅಂಗಡಿಯವರು ತರಿಸುತ್ತಿರಲಿಲ್ಲ. ಫ್ಲಾರಿಡಾದ ಹುಡುಗರು ಮನೆಯ ಗ್ಯಾರೇಜಿನಲ್ಲಿ ನುಡಿಸಿದ್ದು ಕ್ಯಾಸೆಟ್ಟಿಗೆ ಇಳಿದು, ಪ್ರತಿಯ ಪ್ರತಿಯಾಗಿ, ನಾರ್ವೆಗೂ ಬ್ರೆಜಿಲ್‌ಗೂ ಹೋಗುತ್ತಿತ್ತು. ಅಷ್ಟು ದೂರ ಹೋಗುವ ಹೊತ್ತಿಗೆ ಗಿಟಾರು ಯಾವುದು, ಟೇಪಿನ ಕಿರಿಕಿರಿ ಯಾವುದು ಎಂದು ಬೇರ್ಪಡಿಸುವುದೇ ಕಷ್ಟ. ಈ ಜಾಲದಲ್ಲಿದ್ದವರು ಹದಿಹರೆಯದವರು, ಕಿಸೆಯಲ್ಲಿ ಕಾಸಿರಲಿಲ್ಲ. ಅದಕ್ಕೇ ಅಂಚೆಚೀಟಿಯ ಮೇಲೆ ತೆಳುವಾಗಿ ಅಂಟನ್ನೋ ಸಾಬೂನನ್ನೋ ಸವರಿ ಕಳಿಸುತ್ತಿದ್ದರು. ಮುದ್ರೆ ಅದರ ಮೇಲೆ ಬೀಳುತ್ತಿತ್ತು, ತೊಳೆದರೆ ಹೋಗುತ್ತಿತ್ತು. ‘ಚೀಟಿಗಳನ್ನು ವಾಪಸ್ ಕಳಿಸು’ ಎಂದು ಪತ್ರದ ಕೊನೆಯಲ್ಲಿ ಬರೆಯುವುದು ವಾಡಿಕೆಯಾಗಿತ್ತು. ಕ್ಯಾಸೆಟ್ ಪಡೆದು ಬದಲಿಗೆ ಏನೂ ಕಳಿಸದವರ ಹೆಸರನ್ನು ಅಭಿಮಾನಿಗಳೇ ಹೊರತರುತ್ತಿದ್ದ ಪತ್ರಿಕೆಗಳು ಅಚ್ಚು ಹಾಕಿ ಮಾನ ಕಳೆಯುತ್ತಿದ್ದವು. ಅಂಚೆ ಇಲಾಖೆಗೆ ಟೋಪಿ ಹಾಕಬಹುದಿತ್ತು, ಮುಖ ನೋಡದ ಗೆಳೆಯನಿಗೆ ಹಾಕುವಂತಿರಲಿಲ್ಲ. ಇಂದು ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆ, ಆದರೆ ಆ ಕೊಡು-ಕೊಳ್ಳುವಿಕೆಯ ಗುಣ ಇನ್ನೂ ಹೋಗಿಲ್ಲ. ಹೊಸಬನೊಬ್ಬ ಸಿಕ್ಕರೆ ‘ಇದನ್ನು ಕೇಳು, ಆಮೇಲೆ ಅದನ್ನು ಕೇಳು’ ಎಂದು ಅರ್ಧ ಗಂಟೆ ಹಿಡಿದು ನಿಲ್ಲಿಸುತ್ತಾರೆ. ಬಿಡಿಸಿಕೊಂಡು ಬರುವುದು ಸುಲಭವಲ್ಲ.

ಹೆತ್ತವರು ಹೆಚ್ಚು ಹೆದರುವುದು ವೇದಿಕೆಯ ಮುಂದಿನ ಆ ನೂಕಾಟಕ್ಕೆ, ಮಾಶ್ ಪಿಟ್‌ಗೆ. ದೂರದಿಂದ ಅದು ಹೊಡೆದಾಟದಂತೆಯೇ ಕಾಣುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಇಂಥ ಗುಂಪುಗಳ ವಿಡಿಯೊಗಳನ್ನು ಕೂತು ಅಳೆದು 2013ರಲ್ಲಿ ಒಂದು ಪ್ರಬಂಧವನ್ನೇ ಪ್ರಕಟಿಸಿದರು. ಮಾಶ್ ಪಿಟ್‌ನಲ್ಲಿರುವವರ ಚಲನೆ ಅನಿಲದ ಕಣಗಳ ಚಲನೆಯನ್ನು ಹೋಲುತ್ತದೆಯಂತೆ. ಎಲ್ಲರೂ ಒಂದೇ ದಿಕ್ಕಿಗೆ ವೃತ್ತಾಕಾರವಾಗಿ ಓಡುವ ಸರ್ಕಲ್ ಪಿಟ್ ಸುಳಿಯಂತೆ. ಅದು ಹೆಚ್ಚಾಗಿ ಅಪ್ರದಕ್ಷಿಣವಾಗಿಯೇ ಸುತ್ತುತ್ತದೆ. ಭೌತವಿಜ್ಞಾನದ ಲೆಕ್ಕಕ್ಕೆ ಸಿಗದ ಒಂದು ಕಟ್ಟಳೆಯೂ ಅಲ್ಲಿದೆ: ಬಿದ್ದವರನ್ನು ಮೊದಲು ಎತ್ತಬೇಕು. ಒಮ್ಮೆ ನನ್ನ ಕನ್ನಡಕ ಅಲ್ಲಿ ಹಾರಿಹೋಯಿತು. ನಾನು ಬಗ್ಗುವಷ್ಟರಲ್ಲಿ ನಾಲ್ಕು ಜನ ಬೆನ್ನು ಕೊಟ್ಟು ಸುತ್ತ ನಿಂತು ಜಾಗ ಮಾಡಿದರು, ಐದನೆಯವನು ಕನ್ನಡಕವನ್ನು ತಲೆಯ ಮೇಲೆತ್ತಿ ಹಿಡಿದು ‘ಯಾರದು?’ ಎಂದು ಕೂಗಿದ. ಒಂದು ಗಾಜು ಸೀಳಿತ್ತು, ನಿಜ. ದಸರೆಯ ಜನಜಂಗುಳಿಯಲ್ಲಿ ಕಳೆದುಕೊಂಡಿದ್ದ ಚಪ್ಪಲಿ ಮಾತ್ರ ನನಗೆ ಇಂದಿಗೂ ಸಿಕ್ಕಿಲ್ಲ.

ಇನ್ನು ಕ್ರೌರ್ಯದ ಮಾತು. ಇಂಗ್ಲೆಂಡಿನ ಲಿವರ್‌ಪೂಲ್‌ನ ಕಾರ್ಕಾಸ್ ತಂಡ 1980ರ ದಶಕದ ಕೊನೆಯಲ್ಲಿ ವೈದ್ಯಕೀಯ ನಿಘಂಟನ್ನು ಹಿಂಡಿದಂತಿದ್ದ ಹಾಡುಗಳನ್ನು ಹಾಡಿತು. ಕೊಳೆತ ಅಂಗಾಂಗಗಳನ್ನು ಬಿಟ್ಟರೆ ಅಲ್ಲಿ ಬೇರೇನೂ ಇಲ್ಲ. ಅದನ್ನು ಬರೆದವರು ಸಸ್ಯಾಹಾರಿಗಳು. ಜೆಕ್ ದೇಶದ ಟ್ರುಟ್ನೊವ್ ಪಟ್ಟಣದಲ್ಲಿ ನಡೆಯುವ ಅಬ್‌ಸೀನ್ ಎಕ್ಸ್‌ಟ್ರೀಮ್ ಉತ್ಸವಕ್ಕೆ ಈ ಅತಿರೇಕದ ತಂಡಗಳೆಲ್ಲ ಬರುತ್ತವೆ, ಊಟ ಮಾತ್ರ ಮಾಂಸವಿಲ್ಲದ್ದು. ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು 32 ಅಭಿಮಾನಿಗಳನ್ನೂ 48 ಇತರರನ್ನೂ ಪರೀಕ್ಷಿಸಿ 2019ರಲ್ಲಿ ಹೇಳಿದ್ದು ಇಷ್ಟು: ಹಿಂಸೆಯ ಚಿತ್ರ ಕಂಡಾಗ ಅಭಿಮಾನಿಗಳ ಮನಸ್ಸೂ ಉಳಿದವರ ಮನಸ್ಸಿನಂತೆಯೇ ಅದರತ್ತ ಎಚ್ಚೆತ್ತುಕೊಳ್ಳುತ್ತದೆ; ಜಡ್ಡುಗಟ್ಟಿಲ್ಲ. ಭೂತ ಕಟ್ಟಿದವನ ಅಬ್ಬರ ನೋಡಿ ಬೆಳೆದ ಕರಾವಳಿಯವರಿಗೆ ಇದನ್ನು ವಿವರಿಸುವ ಅಗತ್ಯ ಬೀಳಲಾರದು.

ಆದರೆ ಎಲ್ಲವೂ ಬೆಲ್ಲ ಎಂದು ಬರೆದರೆ ನಿಮಗೆ ಮೋಸ ಮಾಡಿದಂತೆ. ಹೆಚ್ಚಿನವರನ್ನು ಹೊರಗಿಡುವ ಅದೇ ಹೊಸ್ತಿಲು ಒಳಗಿದ್ದವರ ತಲೆ ತಿರುಗಿಸಬಲ್ಲದು. 1991ರಲ್ಲಿ ಓಸ್ಲೋದಲ್ಲಿ ಡೆತ್ ಮೆಟಲ್‌ನ ಸೋದರ ಪ್ರಕಾರವಾದ ಬ್ಲ್ಯಾಕ್ ಮೆಟಲ್ ನುಡಿಸುತ್ತಿದ್ದ ಮೇಹೆಮ್ ತಂಡದ ಗಿಟಾರು ವಾದಕ ಯೂರೋನಿಮಸ್ ಹೆಲ್ವೆಟೆ, ಅಂದರೆ ನರಕ, ಎಂಬ ಹೆಸರಿನ ರೆಕಾರ್ಡ್ ಅಂಗಡಿ ತೆರೆದ. ಅದರ ನೆಲಮಾಳಿಗೆಯಲ್ಲಿ ಸೇರುತ್ತಿದ್ದ ಹುಡುಗರಲ್ಲಿ ‘ಯಾರು ಹೆಚ್ಚು ಅಸಲಿ’ ಎಂಬ ಪೈಪೋಟಿ ಬೆಳೆಯಿತು. 1992ರ ಜೂನ್‌ನಲ್ಲಿ ಬರ್ಗೆನ್ ಬಳಿಯ ಫಾಂಟಾಫ್ಟ್‌ನ ಪುರಾತನ ಮರದ ಚರ್ಚು ಬೂದಿಯಾಯಿತು, ಬೇರೆ ಚರ್ಚುಗಳಿಗೂ ಈ ಬಳಗದವರು ಬೆಂಕಿ ಇಟ್ಟರು. 1993ರ ಆಗಸ್ಟ್‌ನಲ್ಲಿ ಯೂರೋನಿಮಸ್‌ನನ್ನು ಅದೇ ಬಳಗದ ವರ್ಗ್ ವಿಕರ್ನೆಸ್ ಇರಿದು ಕೊಂದ. ಇಂದಿಗೂ ಜನಾಂಗದ್ವೇಷ ಹಾಡುವ ಒಂದು ಸಣ್ಣ ಕೊಳಕು ಮೂಲೆ ಬ್ಲ್ಯಾಕ್ ಮೆಟಲ್‌ನಲ್ಲಿ ಇದೆ. ದಿನನಿತ್ಯದ ಮಟ್ಟದಲ್ಲಿ ಈ ಕಾಯಿಲೆ ಬೇರೆ ರೂಪದಲ್ಲಿ ಕಾಣುತ್ತದೆ: ತಂಡದ ಅಂಗಿ ತೊಟ್ಟ ಹುಡುಗಿಯನ್ನು ತಡೆದು ‘ಇವರ ಐದು ಹಾಡು ಹೇಳು ನೋಡೋಣ’ ಎಂದು ಪರೀಕ್ಷೆ ಮಾಡುವ ಸ್ವಯಂನೇಮಿತ ದ್ವಾರಪಾಲಕರು. ಹುಡುಗರಿಗೆ ಆ ಪ್ರಶ್ನೆಪತ್ರಿಕೆ ಕೊಡುವುದು ಅಪರೂಪ. ನಿಮ್ಮ ಮಗ ಆ ಜಾತಿಗೆ ಸೇರಿದ್ದಾನೆಯೇ ಎಂದು ವಿಚಾರಿಸಿಕೊಳ್ಳಿ; ಹಾಡಿನಲ್ಲಿರುವ ಹೆಣಗಳಿಗಿಂತ ಅದು ಮುಖ್ಯ.

ಬೆಂಗಳೂರಿನಲ್ಲಿ ಈ ಬಳಗ ಹೊಸದೇನಲ್ಲ. ಡೈಯಿಂಗ್ ಎಂಬ್ರೇಸ್ ಎಂಬ ಮೆಟಲ್ ತಂಡ 1990ರ ದಶಕದ ಆರಂಭದಲ್ಲೇ ಇಲ್ಲಿ ಹುಟ್ಟಿತ್ತು. 2007ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಹೆಸರಾಂತ ಹೆವಿ ಮೆಟಲ್ ತಂಡ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಾಗ ದೇಶದ ಮೂಲೆ ಮೂಲೆಯಿಂದ, ಈಶಾನ್ಯದಿಂದಲೂ, ರೈಲು ಹತ್ತಿ ಜನ ಬಂದಿದ್ದರು. ಆ ತಂಡ ಅತಿರೇಕದ್ದಲ್ಲ, ಆದರೆ ತಮ್ಮ ಊರಿನಲ್ಲಿ ತಾನೊಬ್ಬನೇ ಎಂದುಕೊಂಡಿದ್ದವರು ತಮ್ಮಂಥವರನ್ನು ಸಾವಿರಗಟ್ಟಲೆ ಕಂಡದ್ದು ಅಲ್ಲಿ. 2012ರಿಂದ ಬೆಂಗಳೂರು ಓಪನ್ ಏರ್ ಎಂಬ ಮೆಟಲ್ ಉತ್ಸವ ನಡೆಯುತ್ತಿದೆ. ನಿಧಾನಗತಿಯ, ಭಾರವಾದ ಡೂಮ್ ಮೆಟಲ್ ನುಡಿಸುವ ಇಲ್ಲಿನ ಒಂದು ತಂಡದ ಹೆಸರು ಬೆವರ್ ಸೀ. ಇಂಗ್ಲಿಷಿನಲ್ಲಿ ಬರೆದಾಗ ಯಾವುದೋ ಸಮುದ್ರದ ಹೆಸರಿನಂತಿರುತ್ತದೆ, ಗಟ್ಟಿಯಾಗಿ ಓದಿದರೆ ನಮ್ಮೂರಿನ ಬೈಗುಳ. ವಾರಸುದಾರರಿಲ್ಲದವನು ಎಂದು ಅದರ ಮೂಲ ಅರ್ಥ. ಆ ಹೆಸರು ಹೊತ್ತ ಅಂಗಿಯನ್ನು ತೊಟ್ಟು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ನಿಂತವರನ್ನು ಕಂಡಾಗ ನನಗೆ ನಗು ಬರುತ್ತದೆ.

ನಿಮಗೆ ಚಿಂತೆ ಮಾಡಲೇಬೇಕೆನಿಸಿದರೆ ಮಗನ ಕಿವಿಯ ಬಗ್ಗೆ ಮಾಡಿ. ಇಂಥ ಕಾರ್ಯಕ್ರಮಗಳಲ್ಲಿ ಶಬ್ದ 100 ಡೆಸಿಬಲ್ ದಾಟುವುದು ಸಾಮಾನ್ಯ, ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ. ಕಿವಿಗೆ ಇಟ್ಟುಕೊಳ್ಳುವ ಬಿರಡೆಗಳನ್ನು ಒಂದು ಜೊತೆ ಕೊಡಿಸಿ. ಮರೆತು ಹೋದರೂ ಪಕ್ಕದಲ್ಲಿ ನಿಂತ ಹಳಬರ ಜೇಬಿನಲ್ಲಿ ಸಾಮಾನ್ಯವಾಗಿ ಒಂದು ಜೊತೆ ಹೆಚ್ಚಿಗೆ ಇರುತ್ತದೆ. ಕೇಳಿದರೆ ಕೊಡುತ್ತಾರೆ.