ಹೊಲಿಗೆ ಹಾಕುವ ಮುಂಚೆ ಮೂತ್ರದ ದಾರಿ ನೋಡಿ

ಗರ್ಭಕೋಶ ತೆಗೆದಾದ ಮೇಲೆ ಯೂರಿನ್ ಬ್ಯಾಗಿನಲ್ಲಿ ತಿಳಿಯಾದ ಮೂತ್ರ ಬರುತ್ತಿದ್ದರೆ ಎಲ್ಲರಿಗೂ ಸಮಾಧಾನ. ಸರ್ಜನ್‌ಗೂ, ಅರಿವಳಿಕೆ ಡಾಕ್ಟರಿಗೂ, ಹೊರಗೆ ಕುಳಿತ ಮನೆಯವರಿಗೂ. ಆದರೆ ಆ ಬ್ಯಾಗ್ ಹೇಳುವುದು ಅರ್ಧ ಮಾತ್ರ. ಕಿಡ್ನಿಯಿಂದ ಮೂತ್ರಚೀಲಕ್ಕೆ ಮೂತ್ರ ತರುವ ಮೂತ್ರನಾಳ ಒಂದು ಕಡೆ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದರೂ ಇನ್ನೊಂದು ಕಿಡ್ನಿ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಬ್ಯಾಗ್ ತುಂಬುತ್ತದೆ. ರಕ್ತದ ಬಣ್ಣವೂ ಇರುವುದಿಲ್ಲ.

ಮೂತ್ರಚೀಲಕ್ಕೆ ಆಗುವ ಗಾಯ ಇದಕ್ಕಿಂತ ಸಾಮಾನ್ಯ, ಆದರೆ ಅದನ್ನು ಹಿಡಿಯುವುದು ಸುಲಭ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯಿಂದ ಬರುವ ಹೆಣ್ಣುಮಕ್ಕಳಲ್ಲಿ ಹಲವರಿಗೆ ಮೊದಲೇ ಒಂದೋ ಎರಡೋ ಸಿಸೇರಿಯನ್ ಆಗಿರುತ್ತದೆ. ಹಳೆ ಹೊಲಿಗೆಯ ಜಾಗದಲ್ಲಿ ಮೂತ್ರಚೀಲ ಗರ್ಭಕೋಶಕ್ಕೆ ಅಂಟಿಕೊಂಡಿರುತ್ತದೆ. ಬಿಡಿಸುವಾಗ ಹರಿಯುವ ಸಂಭವ ಇರುತ್ತದೆ. ಅನುಮಾನ ಬಂದರೆ 200-300 ಮಿಲಿ ಸಲೈನಿಗೆ ಒಂದಿಷ್ಟು ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಬೆರೆಸಿ ಕ್ಯಾತಿಟರ್ (ಮೂತ್ರಚೀಲಕ್ಕೆ ಹಾಕಿದ ಟ್ಯೂಬ್) ಮೂಲಕ ಒಳಗೆ ಬಿಟ್ಟರೆ ಸಾಕು. ತೂತಿದ್ದರೆ ನೀಲಿ ಹೊರಗೆ ಬರುತ್ತದೆ. ಹೊಟ್ಟೆಗೆ ಗಾಳಿ ತುಂಬಿ ಸಣ್ಣ ತೂತಿನಿಂದ ಮಾಡುವ ಲ್ಯಾಪರೋಸ್ಕೋಪಿಯಲ್ಲಾದರೆ ಯೂರಿನ್ ಬ್ಯಾಗ್ ಗಾಳಿ ತುಂಬಿ ಉಬ್ಬುವುದೂ ಒಂದು ಸುಳಿವು. ಆಗಲೇ ಹೊಲಿದು, ಒಂದೆರಡು ವಾರ ಕ್ಯಾತಿಟರ್ ಬಿಟ್ಟರೆ ಸಾಮಾನ್ಯವಾಗಿ ವಾಸಿಯಾಗುತ್ತದೆ.

ತಲೆನೋವು ಇರುವುದು ಮೂತ್ರನಾಳದ್ದು. ಸುಮಾರು 25-30 ಸೆಂಟಿಮೀಟರ್ ಉದ್ದ, ಮೂರ್ನಾಲ್ಕು ಮಿಲಿಮೀಟರ್ ದಪ್ಪ. ಗರ್ಭಕೋಶದ ರಕ್ತನಾಳದ ಅಡಿಯಲ್ಲೇ ನುಸುಳಿ ಹೋಗುತ್ತದೆ, ಗರ್ಭಕೋಶದ ಕೊರಳಿನಿಂದ ಎರಡು ಸೆಂಟಿಮೀಟರ್ ಕೂಡ ದೂರ ಇರುವುದಿಲ್ಲ. ನಾವು ಕ್ಲ್ಯಾಂಪ್ ಹಾಕುವುದೂ ಅಲ್ಲೇ. ದೊಡ್ಡ ಫೈಬ್ರಾಯ್ಡ್ ಗಡ್ಡೆ ಇದ್ದರೆ, ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಹೊರಗೆ ಬೆಳೆಯುವ ಕಾಯಿಲೆ) ಇದ್ದರೆ ನಾಳ ತನ್ನ ಜಾಗ ಬಿಟ್ಟು ಪಕ್ಕಕ್ಕೆ ಸರಿದಿರುತ್ತದೆ. ರಕ್ತ ಚಿಮ್ಮಿದಾಗ ಅವಸರದಲ್ಲಿ ಹಾಕಿದ ಒಂದು ಹೊಲಿಗೆಯೇ ಸಾಕು. ಮುಟ್ಟಿದರೆ ನಾಳ ಹುಳದ ಹಾಗೆ ಸುರುಳುತ್ತದೆ, ಅದನ್ನು ನೋಡಿ ನೆಮ್ಮದಿಯಾಗುವವರಿದ್ದಾರೆ. ಆದರೆ ಕೆಳಗೆ ಗಂಟು ಬಿದ್ದ ನಾಳವೂ ಸುರುಳುತ್ತದೆ.

ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನ ಮಟ್ಟಿಗೆ ಮಾತು ಮುಗಿಸಿತು. ಗರ್ಭಕೋಶ ತೆಗೆಸಿಕೊಂಡ 471 ಮಹಿಳೆಯರಿಗೆ, ಅನುಮಾನ ಇರಲಿ ಬಿಡಲಿ, ಟೇಬಲ್ ಮೇಲೇ ಸಿಸ್ಟೋಸ್ಕೋಪಿ, ಅಂದರೆ ಮೂತ್ರದ ದಾರಿಯಿಂದ ದುರ್ಬೀನು ಹಾಕಿ ಮೂತ್ರಚೀಲದ ಒಳಗೆ ನೋಡುವ ಪರೀಕ್ಷೆ, ಮಾಡಿದರು. ಮೂತ್ರನಾಳದ ಎಂಟು ಗಾಯ ಸಿಕ್ಕವು. ಅದಕ್ಕೂ ಮುಂಚೆ ಸರ್ಜನ್ ಕಣ್ಣಿಗೆ ಬಿದ್ದಿದ್ದು ಅವುಗಳಲ್ಲಿ ಒಂದೇ ಒಂದು. ಕಷ್ಟದ ಕೇಸಿಗೆ ಮಾತ್ರ ಸಿಸ್ಟೋಸ್ಕೋಪಿ ಸಾಕು ಅನ್ನುವ ವಾದವೂ ಇದೆ. ನಾನು ಒಪ್ಪುವುದಿಲ್ಲ. ಕೇಸು ಸುಲಭವಾಗಿತ್ತು ಅಂತ ತೀರ್ಮಾನಿಸುವವರು ನಾವೇ ಅಲ್ವಾ?

ಸಿಸ್ಟೋಸ್ಕೋಪ್ ಒಳಗೆ ಹೋದ ಮೇಲೆ ಮೊದಲು ಮೇಲ್ಗಡೆ ಗಾಳಿಗುಳ್ಳೆ ಕಾಣುತ್ತದೆ. ಅದರಿಂದ ದಿಕ್ಕು ತಿಳಿಯುತ್ತದೆ. ಅಲ್ಲಿಂದ ಕೆಳಗಿಳಿದರೆ ಎಡಕ್ಕೊಂದು ಬಲಕ್ಕೊಂದು ಸಣ್ಣ ಸೀಳು, ಮೂತ್ರನಾಳದ ಬಾಯಿ. ಆ ಸೀಳಿನ ಎದುರು ಕಾಯಬೇಕು. ಸ್ವಲ್ಪ ಹೊತ್ತಿಗೆ ಬಾಯಿ ತೆರೆದು ಮೂತ್ರ ಪಿಚಕಾರಿಯ ಹಾಗೆ ಚಿಮ್ಮುತ್ತದೆ. ಎರಡೂ ಕಡೆ ಜೋರಾಗಿ ಚಿಮ್ಮಬೇಕು. ಒಂದು ಕಡೆ ಜೋರಾಗಿ ಬಂದು ಇನ್ನೊಂದು ಕಡೆ ಸುಮ್ನೆ ಜಿನುಗಿದರೆ ಅದನ್ನು ಸರಿ ಅಂತ ಬಿಡಬಾರದು. ಬಣ್ಣ ಇದ್ದರೆ ಗುರುತಿಸುವುದು ಸುಲಭ. ಆಪರೇಷನ್‌ಗೆ ಮುಂಚೆ ಫೆನಾಜೋಪಿರಿಡಿನ್ ಮಾತ್ರೆ ನುಂಗಿಸಿದ್ದರೆ ಕಿತ್ತಳೆ ಬಣ್ಣ ಬರುತ್ತದೆ. ಏನೂ ಇಲ್ಲದಿದ್ದರೆ ಸಲೈನ್ ಬದಲು 10% ಡೆಕ್ಸ್ಟ್ರೋಸ್‌ನಿಂದ (ಸಕ್ಕರೆಯ ಡ್ರಿಪ್) ಮೂತ್ರಚೀಲ ತುಂಬಿಸಿ. ಅದು ಮೂತ್ರಕ್ಕಿಂತ ಮಂದ, ಹಾಗಾಗಿ ಚಿಮ್ಮುವುದು ಎದ್ದು ಕಾಣುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲೂ ಈ ಬಾಟಲಿ ಸಿಗುತ್ತದೆ.

ನಮ್ಮ ಭಾಗದ ಡಾಕ್ಟರುಗಳಿಗೆ ಇನ್ನೊಂದು ಮಾತು. ಏಪ್ರಿಲ್-ಮೇ ಬಿಸಿಲಲ್ಲಿ ಇಂಡಿ, ಸಿಂದಗಿಯಿಂದ ಬಸ್ಸಿನಲ್ಲಿ ಬಂದು, ರಾತ್ರಿಯಿಂದ ಏನೂ ಕುಡಿಯದೆ ಟೇಬಲ್ ಹತ್ತುವ ಪೇಷಂಟಿನ ಮೈಯಲ್ಲಿ ನೀರೇ ಇರುವುದಿಲ್ಲ. ಎರಡೂ ಕಡೆ ಏನೂ ಚಿಮ್ಮುವುದಿಲ್ಲ. ಗಾಬರಿ ಬೇಡ. ಡ್ರಿಪ್ ಓಡಿಸಿ, ಬೇಕಿದ್ದರೆ ಅರಿವಳಿಕೆ ಡಾಕ್ಟರಿಗೆ ಹೇಳಿ ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಸ್ವಲ್ಪ ಕೊಡಿಸಿ, ಹತ್ತು ನಿಮಿಷ ಕಾಯಿರಿ. ಆಮೇಲೂ ಒಂದು ಕಡೆ ಬರದಿದ್ದರೆ ಯುರಾಲಜಿಸ್ಟನ್ನು (ಮೂತ್ರಾಂಗಗಳ ಸರ್ಜನ್) ಕರೆಸಿ. ಹೊಲಿಗೆ ಬಿಚ್ಚುವುದೋ, ನಾಳದೊಳಗೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಹಾಕುವುದೋ, ನಾಳವನ್ನು ಮೂತ್ರಚೀಲಕ್ಕೆ ಹೊಸದಾಗಿ ಜೋಡಿಸುವುದೋ, ಎಲ್ಲವೂ ಅದೇ ಅರಿವಳಿಕೆಯಲ್ಲಿ ಮುಗಿಯುತ್ತದೆ.

ಸಿಸ್ಟೋಸ್ಕೋಪಿ ಎಲ್ಲವನ್ನೂ ಹಿಡಿಯುವುದಿಲ್ಲ ಅನ್ನುವುದೂ ನಿಜ. ಕರೆಂಟ್ ಉಪಕರಣದ ಬಿಸಿ ತಾಗಿದ ನಾಳ ಅವತ್ತು ಚೆನ್ನಾಗಿಯೇ ಚಿಮ್ಮುತ್ತದೆ. ಸುಟ್ಟ ಜಾಗ ಒಂದೆರಡು ವಾರದಲ್ಲಿ ಸತ್ತು ತೂತಾಗುತ್ತದೆ. ಅಷ್ಟೊತ್ತಿಗೆ ಪೇಷಂಟ್ ಮನೆಯಲ್ಲಿರುತ್ತಾಳೆ.

ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲೇ. "ಡಾಕ್ಟರ್ರೀ, ಕುಂತ್ರೂ ನಿಂತ್ರೂ ಸೀರಿ ತೊಯ್ಯಾಕತ್ತೈತ್ರಿ" ಅಂತ ಬಂದು ಹೇಳುವಷ್ಟರಲ್ಲಿ ಎಷ್ಟೋ ದಿನ ಕಳೆದಿರುತ್ತದೆ. "ಆಪರೇಷನ್ ಆದ ಮ್ಯಾಲ ಅಷ್ಟ ಇರತೈತಿ ಬಿಡವಾ" ಅಂತ ಅತ್ತೆ ಹೇಳಿರುತ್ತಾರೆ. ನಾಚಿಕೆಗೆ ಗಂಡನಿಗೂ ಹೇಳಿರುವುದಿಲ್ಲ. ತಾಯಂದಿರೇ, ಅದು ಹಾಗೆ ಇರುವಂಥದ್ದಲ್ಲ. ಕೆಳಗಿನಿಂದ ನೀರಿನ ಹಾಗೆ ಸೋರಿದರೆ, ಒಂದು ಪಕ್ಕದ ಬೆನ್ನು ನೋವು ಬಿಡದಿದ್ದರೆ, ಚಳಿಜ್ವರ ಬಂದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಬನ್ನಿ. ಸೋರುವ ನೀರಿನಲ್ಲಿ ಕ್ರಿಯಾಟಿನಿನ್ (ಕಿಡ್ನಿ ಮೂತ್ರದಲ್ಲಿ ಹೊರಹಾಕುವ ಕಲ್ಮಶ) ಎಷ್ಟಿದೆ ಅಂತ ಪರೀಕ್ಷೆ ಮಾಡಿದರೆ ಅದು ಮೂತ್ರವೋ ಅಲ್ಲವೋ ಗೊತ್ತಾಗುತ್ತದೆ. ರಕ್ತದಲ್ಲಿರುವುದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಅದು ಮೂತ್ರವೇ. ಎಲ್ಲಿಂದ ಅನ್ನುವುದನ್ನು ಸಿಟಿ ಯುರೋಗ್ರಾಮ್ (ಮೂತ್ರದ ದಾರಿಯ ಸಿಟಿ ಸ್ಕ್ಯಾನ್) ತೋರಿಸುತ್ತದೆ. ನಾಳ ಕಟ್ಟಿಕೊಂಡು ಕಿಡ್ನಿ ಊದಿದ್ದರೆ ಮೊದಲು ಬೆನ್ನಿನಿಂದ ಟ್ಯೂಬ್ ಹಾಕಿಯಾದರೂ ಕಿಡ್ನಿ ಉಳಿಸಿಕೊಳ್ಳಬೇಕಾಗಬಹುದು.

ಬರುವಾಗ ಡಿಸ್ಚಾರ್ಜ್ ಕಾರ್ಡ್ ಜೊತೆ ಆಪರೇಷನ್ ನೋಟ್ಸಿನ ಜೆರಾಕ್ಸೂ ತನ್ನಿ. ಕೊಡದಿದ್ದರೆ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಯಾವ ಕಡೆ ರಕ್ತ ಜಾಸ್ತಿ ಹೋಗಿತ್ತು, ಎಲ್ಲಿ ಹೆಚ್ಚಿನ ಹೊಲಿಗೆ ಬಿತ್ತು ಅನ್ನುವುದು ಅದರಲ್ಲಿರಬೇಕು. ಯುರಾಲಜಿಸ್ಟ್ ಮೊದಲು ಕೇಳುವುದೂ ಅದನ್ನೇ.