ಬೇರಿನ ನಂಟಿಗೆ ಹೆಸರಿಡುವ ಮುನ್ನ

ಸಸ್ಯ ಮತ್ತು ಸೂಕ್ಷ್ಮಜೀವಿಗಳ ಕುರಿತ ಬರಹಗಳಲ್ಲಿ ‘ಸಹಜೀವನ’ವೆಂದರೆ ಇಬ್ಬರಿಗೂ ಲಾಭ ಎಂಬ ಅರ್ಥ ಗಟ್ಟಿಯಾಗಿ ಕುಳಿತುಬಿಟ್ಟಿದೆ. ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ 1879ರಲ್ಲಿ ಕೊಟ್ಟ ವ್ಯಾಖ್ಯೆಯಲ್ಲಿ ಲಾಭದ ಮಾತೇ ಇರಲಿಲ್ಲ. ಭಿನ್ನ ಜೀವಿಗಳು ಒಟ್ಟಾಗಿ ಬದುಕಿದರೆ ಸಾಕು. ಪರಾವಲಂಬನೆಯೂ ಅದರಲ್ಲಿ ಸೇರಿತ್ತು. ಮಣ್ಣಿನ ಸೂಕ್ಷ್ಮಜೀವಿಗಳೊಂದಿಗೆ ಕೆಲಸ ಮಾಡುವ ನನಗೆ ಈ ವಿಶಾಲ ಅರ್ಥವೇ ಸರಿಯೆನಿಸುತ್ತದೆ. ಎರಡೂ ಕಡೆ ಲಾಭವಿದೆ ಎಂದು ಪ್ರಯೋಗ ತೋರಿಸಿದ ಮೇಲಷ್ಟೇ ಅದನ್ನು ಪರಸ್ಪರೋಪಕಾರ ಎನ್ನಬೇಕು.

ಕೆಲವು ಪದಗಳು ವಾಸದ ಜಾಗವನ್ನಷ್ಟೇ ಸೂಚಿಸುತ್ತವೆ. 1904ರಲ್ಲಿ ವಿಜ್ಞಾನಿ ಲೊರೆನ್ಜ್ ಹಿಲ್ಟ್‌ನರ್ ಬಳಕೆಗೆ ತಂದ ‘ರೈಜೋಸ್ಫಿಯರ್’ ಬೇರಿನ ಪ್ರಭಾವಕ್ಕೆ ಒಳಪಟ್ಟ ಮಣ್ಣು. ರೋಗಲಕ್ಷಣ ತೋರಿಸದೆ ಸಸ್ಯದ ಅಂಗಾಂಶದೊಳಗೆ ಇರುವ ಜೀವಿ ಎಂಡೋಫೈಟ್. ಅದು ಉಪಕಾರಿ ಎಂಬ ಭರವಸೆಯನ್ನು ಈ ಹೆಸರು ಕೊಡುವುದಿಲ್ಲ. ಒಂದು ಗಿಡದಲ್ಲಿ ತಣ್ಣಗಿರುವ ಕೊಲೆಟೋಟ್ರೈಕಮ್ ಶಿಲೀಂಧ್ರ ಮತ್ತೊಂದರಲ್ಲಿ ರೋಗ ತರಬಲ್ಲದು.

ಪರಸ್ಪರೋಪಕಾರಕ್ಕೆ ಎಲ್ಲರೂ ಕೊಡುವ ಉದಾಹರಣೆ ದ್ವಿದಳ ಸಸ್ಯಗಳ ಬೇರುಗಂಟು. ಬೇರು ಫ್ಲೇವನಾಯ್ಡ್ ಎಂಬ ರಾಸಾಯನಿಕ ಸ್ರವಿಸುತ್ತದೆ, ರೈಜೋಬಿಯಂ ಬ್ಯಾಕ್ಟೀರಿಯಾ ತನ್ನದೇ ಸಂಕೇತದಿಂದ ಉತ್ತರಿಸುತ್ತದೆ, ಬೇರುರೋಮ ಸುರುಳಿಯಾಗಿ ಬ್ಯಾಕ್ಟೀರಿಯಾವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಗಂಟಿನೊಳಗೆ ಬ್ಯಾಕ್ಟೀರಿಯಾ ಗಾಳಿಯ ಸಾರಜನಕದ ಒಂದು ಅಣುವನ್ನು ಸಸ್ಯಕ್ಕೆ ಒದಗುವ ಅಮೋನಿಯಾ ಮಾಡಲು, ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯ ಕನಿಷ್ಠ 16 ಅಣುಗಳು ಬೇಕು. ಅದರ ಖರ್ಚು ಸಸ್ಯದ ಸಕ್ಕರೆಯದ್ದು. ಬ್ಯಾಕ್ಟೀರಿಯಾದ ಎಲ್ಲ ತಳಿಗಳೂ ಆ ಋಣ ತೀರಿಸುವುದಿಲ್ಲ. ಚೆನ್ನಾಗಿ ಕೆಲಸ ಮಾಡುವ ಗಂಟನ್ನು ಕೊಯ್ದರೆ ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನ್‌ನಿಂದಾಗಿ ಒಳಗೆ ಗುಲಾಬಿ ಬಣ್ಣವಿರುತ್ತದೆ. ಬೆಳ್ಳಗಿನ ಗಂಟುಗಳು ತುಂಬಿರುವ ಗಿಡದಲ್ಲಿ ಬ್ಯಾಕ್ಟೀರಿಯಾ ಇದೆ, ಗಂಟೂ ಇದೆ, ಸಾರಜನಕ ಮಾತ್ರ ಸಿಗುತ್ತಿಲ್ಲ. ಗಂಟುಗಳನ್ನು ಎಣಿಸಿ ಪರಸ್ಪರೋಪಕಾರವೆಂದು ಬರೆಯುವುದನ್ನು ನಾನು ಒಪ್ಪದಿರುವುದು ಇದಕ್ಕೇ.

ಅಜೋಸ್ಪಿರಿಲಂ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಗಂಟು ಕಟ್ಟುವುದಿಲ್ಲ. ಬೇರಿನ ಮೇಲೆ, ಕೆಲವೊಮ್ಮೆ ಒಳಗೂ ನೆಲೆಸುತ್ತದೆ. ಆ ಸಡಿಲ ನಂಟಿಗೆ ಸಹವರ್ತಿ ಸಂಬಂಧ ಎಂಬ ಹೆಸರು ಸಾಕು.

ಸಸ್ಯವಿಜ್ಞಾನಿ ಆಲ್ಬರ್ಟ್ ಫ್ರಾಂಕ್ 1885ರಲ್ಲಿ ಹೆಸರಿಟ್ಟ ಮೈಕೊರೈಜಾದಲ್ಲಿ, ಅಂದರೆ ಬೇರು ಮತ್ತು ಶಿಲೀಂಧ್ರದ ನಂಟಿನಲ್ಲಿ, ವಿಷಯ ಇನ್ನೂ ಸೂಕ್ಷ್ಮ. ರಂಜಕ ಕಡಿಮೆಯಿರುವ ಮಣ್ಣಿನಲ್ಲಿ ಶಿಲೀಂಧ್ರದ ಎಳೆಗಳು ಬೇರು ತಲುಪದ ಕಡೆಯಿಂದ ರಂಜಕ ತರುತ್ತವೆ. ರಂಜಕ ಹೇರಳವಾಗಿದ್ದರೆ ಅದೇ ಜೋಡಿಯಲ್ಲಿ, ಸಸ್ಯದಿಂದ ಆಹಾರ ಪಡೆಯುವ ಶಿಲೀಂಧ್ರ ಸಸ್ಯಕ್ಕೆ ಹೊರೆಯಾಗಬಹುದು. ಜೀವಿಗಳು ಬದಲಾಗಿಲ್ಲ, ಲೆಕ್ಕ ಬದಲಾಗಿದೆ. ಆದ್ದರಿಂದ ಪರಸ್ಪರೋಪಕಾರಿ, ಪರಾವಲಂಬಿ ಎಂಬ ಪದಗಳ ಪಕ್ಕದಲ್ಲಿ ಯಾವ ಸಸ್ಯ, ಯಾವ ತಳಿ, ಎಂಥ ಮಣ್ಣು ಎಂಬುದನ್ನೂ ಬರೆಯಬೇಕೆಂದು ವಿದ್ಯಾರ್ಥಿಗಳಲ್ಲಿ ಪಟ್ಟುಹಿಡಿದು ಕೇಳುತ್ತೇನೆ.